ಜನಕಪುರಿಯ ಎರಡು ಪಾಳಿಗಳು: ದೆಹಲಿಯ ಸಂಜೆ ಬಿಸಿನೆಸ್ ಶಾಲೆಯ ಚರಿತ್ರೆ

ಪಶ್ಚಿಮ ದೆಹಲಿಯ ಜನಕಪುರಿಯಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವ ಕಾಲೇಜುಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಸಿ-4 ಬ್ಲಾಕಿನ ಮಹಾರಾಜ ಸೂರಜ್‌ಮಲ್ ಇನ್‌ಸ್ಟಿಟ್ಯೂಟಿನಲ್ಲಿ ಬಿಬಿಎ, ಬಿಸಿಎ ಓದುವವರಿಗೆ ಮೊದಲ ಪಾಳಿ, ಎರಡನೇ ಪಾಳಿ ಎಂಬ ವಿಂಗಡಣೆ ಇದೆ. ಡಿ ಬ್ಲಾಕಿನ ಸಾಂಸ್ಥಿಕ ವಲಯದಲ್ಲೂ ಇದೇ ಪದ್ಧತಿ ಬೆಳೆದಿದೆ. ಬೆಳಗಿನವರು ಮಧ್ಯಾಹ್ನ ಹೊರಟ ಮೇಲೆ ಅದೇ ಕಟ್ಟಡಕ್ಕೆ ಇನ್ನೊಂದು ತಂಡ ಬರುತ್ತದೆ. ಬೆಂಚು, ಬೋರ್ಡು, ಪಠ್ಯಕ್ರಮ ಎಲ್ಲವೂ ಒಂದೇ. ಪರೀಕ್ಷೆ ನಡೆಸಿ ಪದವಿ ಕೊಡುವುದು ಗುರು ಗೋಬಿಂದ್ ಸಿಂಗ್ ಇಂದ್ರಪ್ರಸ್ಥ ವಿಶ್ವವಿದ್ಯಾಲಯ. ಕಾನೂನಿನ ಲೆಕ್ಕದಲ್ಲಿ ಎರಡನೇ ಪಾಳಿಯೂ ಪೂರ್ಣಾವಧಿ ಕೋರ್ಸೇ. ಆದರೂ ಪ್ರವೇಶದ ಕೌನ್ಸೆಲಿಂಗ್ ಶುರುವಾದಾಗ ಬೆಳಗಿನ ಪಾಳಿಯ ಸೀಟು ಸಾಮಾನ್ಯವಾಗಿ ಮೊದಲು ತುಂಬುತ್ತದೆ. ಸಂಜೆಯ ಪಾಠ ಸ್ವಲ್ಪ ಕೆಳದರ್ಜೆಯದು ಎಂಬ ಭಾವನೆ ಹೆತ್ತವರಲ್ಲೂ ವಿದ್ಯಾರ್ಥಿಗಳಲ್ಲೂ ಬೇರೂರಿದೆ. ಅರೆಕಾಲಿಕ ಕೋರ್ಸು ಇಟ್ಟರೆ ಪೂರ್ಣಾವಧಿಯವರಿಗೆ ನಷ್ಟ, ಶಾಲೆಯ ಹೆಸರಿಗೂ ಕುಂದು ಎಂಬ ವಾದಕ್ಕೆ ಈ ಭಾವನೆಯೇ ಬುಡ. ದೆಹಲಿಯ ಚರಿತ್ರೆ ನೋಡಿದರೆ ಆ ವಾದ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಈ ಊರಿನಲ್ಲಿ ಮ್ಯಾನೇಜ್‌ಮೆಂಟ್ ಶಿಕ್ಷಣ ಮೊದಲು ಹುಟ್ಟಿದ್ದೇ ದುಡಿಯುವವರಿಗಾಗಿ. ಹಗಲಿನ ಎಂಬಿಎ ಬಂದದ್ದು ಆಮೇಲೆ.

ಸಂಜೆ ಕಾಲೇಜಿನ ಮೂಲ ದೇಶವಿಭಜನೆಯಲ್ಲಿದೆ. 1947ರಲ್ಲಿ ಪಶ್ಚಿಮ ಪಂಜಾಬಿನಿಂದ ಓದು ಅರ್ಧಕ್ಕೆ ಬಿಟ್ಟು ಓಡಿಬಂದ ಯುವಕರು ದೆಹಲಿ ತುಂಬಿದರು. ಹಗಲು ಹೊತ್ತು ದಫ್ತರದಲ್ಲೋ ಅಂಗಡಿಯಲ್ಲೋ ದುಡಿಯದಿದ್ದರೆ ಮನೆಯಲ್ಲಿ ಒಲೆ ಉರಿಯದ ಕಾಲ. ಅವರಿಗೆಂದು ಪೂರ್ವ ಪಂಜಾಬ್ ವಿಶ್ವವಿದ್ಯಾಲಯ ದೆಹಲಿಯಲ್ಲಿ ‘ಕ್ಯಾಂಪ್ ಕಾಲೇಜು’ ತೆರೆಯಿತು. ಈಗಿನ ಮಂದಿರ ಮಾರ್ಗದ ಶಾಲೆಯೊಂದರ ಕೊಠಡಿಗಳಲ್ಲಿ ಸಂಜೆ ಹೊತ್ತು ಪಾಠ ನಡೆಯುತ್ತಿತ್ತು. ನಿರಾಶ್ರಿತರ ಶಿಬಿರದ ನೆನಪನ್ನು ಹೊತ್ತ ಆ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ಸಂಜೆ ಓದುವವನು ಹಗಲಿನವನಿಗಿಂತ ಕಡಿಮೆ ಬುದ್ಧಿವಂತ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಅವನಿಗೆ ಬಿಡುವಿನ ಹೊತ್ತು ಸಂಜೆಯೇ ಆಗಿತ್ತು, ಅಷ್ಟೆ.

ಹತ್ತು ವರ್ಷದ ಬಳಿಕ ದೆಹಲಿ ವಿಶ್ವವಿದ್ಯಾಲಯ ಇದನ್ನು ವ್ಯವಸ್ಥೆಯಾಗಿ ಮಾಡಿತು. 1957ರಿಂದ 1960ರವರೆಗೆ ಅಲ್ಲಿ ಕುಲಪತಿಯಾಗಿದ್ದವರು ಡಾ. ವಿ.ಕೆ.ಆರ್.ವಿ. ರಾವ್. ಕರ್ನಾಟಕದ ಓದುಗರಿಗೆ ಇವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದವರು ಎಂದು ಗೊತ್ತು. ದೆಹಲಿಯವರಿಗೆ ಅವರು 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸ್ಥಾಪಿಸಿದ ಅರ್ಥಶಾಸ್ತ್ರಜ್ಞ. ಅವರು ಕುಲಪತಿಯಾಗಿದ್ದಾಗಲೇ, 1958ರಲ್ಲಿ, ದಯಾಳ್ ಸಿಂಗ್ ಕಾಲೇಜು, ಈಗ ಜಾಕಿರ್ ಹುಸೇನ್ ಹೆಸರಿನಲ್ಲಿರುವ ದೆಹಲಿ ಕಾಲೇಜು ಮೊದಲಾದ ಕಡೆ ಸಂಜೆ ತರಗತಿಗಳು ಆರಂಭವಾದವು. ಸರ್ಕಾರಿ ಕಚೇರಿಯ ಕೆಳಹಂತದ ಗುಮಾಸ್ತರು, ಟೈಪಿಸ್ಟರು, ಬ್ಯಾಂಕಿನ ಕಿರಿಯ ನೌಕರರು ಐದು ಗಂಟೆಗೆ ಕಚೇರಿ ಬಿಟ್ಟು ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದರು. 1962ರಲ್ಲಿ ಅದೇ ವಿಶ್ವವಿದ್ಯಾಲಯ ದೇಶದಲ್ಲೇ ಮೊದಲ ಅಂಚೆ ತೆರಪಿನ ಶಿಕ್ಷಣವನ್ನೂ ಶುರುಮಾಡಿತು. ಕಾಲೇಜಿಗೆ ಬರಲಾಗದವರ ಮನೆಬಾಗಿಲಿಗೆ ಪಾಠವನ್ನೇ ಕಳಿಸುವ ಏರ್ಪಾಡು ಅದು.

ಒಂದೇ ಸೂರಿನಡಿ ಎರಡು ಕಾಲೇಜು ನಡೆಸುವುದರ ಕಷ್ಟ ಏನೆಂಬುದು ಮುಂದಿನ ಐವತ್ತು ವರ್ಷಗಳಲ್ಲಿ ಗೊತ್ತಾಯಿತು. ಲೋದಿ ರಸ್ತೆಯ ದಯಾಳ್ ಸಿಂಗ್ ಕಾಲೇಜಿನ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಗಲಿನದು, ಸಂಜೆಯದು ಎರಡಕ್ಕೂ ಬೇರೆ ಬೇರೆ ಪ್ರಾಂಶುಪಾಲರು, ಬೇರೆ ಅಧ್ಯಾಪಕ ವರ್ಗ, ಕಟ್ಟಡ ಮಾತ್ರ ಒಂದು. ಕಾಲ ಸರಿದಂತೆ ಸಂಜೆ ಕಾಲೇಜಿಗೆ ಸೇರುವವರಲ್ಲಿ ದುಡಿಯುವವರ ಪ್ರಮಾಣ ಇಳಿಯಿತು. ಹಗಲಿನ ಕಾಲೇಜಿನ ಕಟ್‌ಆಫ್ ಮುಟ್ಟಲಾಗದ ಹದಿನೆಂಟರ ಹುಡುಗ ಹುಡುಗಿಯರು ಅಲ್ಲಿ ತುಂಬಿಕೊಂಡರು. ಕೆಲಸಗಾರನ ಕಾಲೇಜು ನಿಧಾನವಾಗಿ ಎರಡನೇ ಆಯ್ಕೆಯ ಕಾಲೇಜಾಯಿತು. ಸಂಜೆ ಪಾಠಕ್ಕೆ ಅಂಟಿದ ಕೀಳು ಹೆಸರಿನ ಹುಟ್ಟು ಇಲ್ಲಿದೆ. ಕತ್ತಲಾದ ಮೇಲೆ ಮನೆಗೆ ಮರಳುವ ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆಯೂ ಅದಕ್ಕೆ ಸೇರಿತು. 2017ರಲ್ಲಿ ಸಂಜೆ ಕಾಲೇಜನ್ನು ಪೂರ್ಣ ಹಗಲಿನ ಕಾಲೇಜಾಗಿ ಬದಲಿಸಲು ವಿಶ್ವವಿದ್ಯಾಲಯ ಒಪ್ಪಿತು. ಆಗ ಹಳೆಯ ಹಗಲಿನ ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿಗಳು ತಿರುಗಿಬಿದ್ದರು. ಇರುವ ಕೊಠಡಿ, ಪ್ರಯೋಗಾಲಯ, ಗ್ರಂಥಾಲಯವನ್ನು ಒಂದೇ ಹೊತ್ತಿನಲ್ಲಿ ಇಬ್ಬರು ಹಂಚಿಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದೇ ವರ್ಷ ನವೆಂಬರಿನಲ್ಲಿ ಹೊಸ ಕಾಲೇಜಿಗೆ ‘ವಂದೇ ಮಾತರಂ ಮಹಾವಿದ್ಯಾಲಯ’ ಎಂದು ಹೆಸರಿಡುವ ಪ್ರಸ್ತಾವ ಬಂದು ವಿವಾದ ದೇಶವ್ಯಾಪಿಯಾಯಿತು. ಪತ್ರಿಕೆಗಳು ಹೆಸರಿನ ಜಗಳವನ್ನೇ ಬರೆದವು. ಕಾಲೇಜಿನ ಒಳಗಿನವರ ಪಾಲಿಗೆ ಜಾಗದ ಜಗಳ ಅದಕ್ಕಿಂತ ಕಡಿಮೆಯದಾಗಿರಲಿಲ್ಲ. ಸಂಜೆಯವರು ಸಂಜೆಗೇ ಉಳಿದಿದ್ದಷ್ಟು ಕಾಲ ಹಗಲಿನವರಿಗೆ ಅವರಿಂದ ದೊಡ್ಡ ತೊಂದರೆಯಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮಾತು.

ಮ್ಯಾನೇಜ್‌ಮೆಂಟ್ ಶಿಕ್ಷಣದ ದಾರಿ ಇದಕ್ಕಿಂತ ಬೇರೆ. ದೇಶದ ಮೊದಲ ಮ್ಯಾನೇಜ್‌ಮೆಂಟ್ ಸಂಸ್ಥೆ ಎನಿಸಿಕೊಂಡ ಭಾರತೀಯ ಸಮಾಜ ಕಲ್ಯಾಣ ಮತ್ತು ವ್ಯವಹಾರ ನಿರ್ವಹಣಾ ಸಂಸ್ಥೆ ಕೋಲ್ಕತ್ತದಲ್ಲಿ 1953ರಲ್ಲಿ ಹುಟ್ಟಿತು. ಮರುವರ್ಷ, 1954ರಲ್ಲಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸಿನ ಆಶ್ರಯದಲ್ಲಿ ದೆಹಲಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಅಧ್ಯಯನ ವಿಭಾಗ, ಅಂದರೆ ಇಂದು ಎಲ್ಲರ ಬಾಯಲ್ಲಿರುವ ಎಫ್‌ಎಂಎಸ್, ಆರಂಭವಾಯಿತು. ಅಹಮದಾಬಾದ್, ಕೋಲ್ಕತ್ತಗಳ ಐಐಎಂಗಳು ಬರಲು ಇನ್ನೂ ಏಳು ವರ್ಷವಿತ್ತು. ಎಫ್‌ಎಂಎಸ್‌ನ ಮೊದಮೊದಲ ವಿದ್ಯಾರ್ಥಿಗಳು ಕೆಲಸದಲ್ಲಿದ್ದವರೇ. ಎರಡು ವರ್ಷದ ಪೂರ್ಣಾವಧಿ ಎಂಬಿಎ ಶುರುವಾದದ್ದು 1967ರಲ್ಲಿ. ನಿರ್ವಹಣೆ ಎಂಬುದನ್ನು ಅದನ್ನು ಮಾಡಿ ಗೊತ್ತಿದ್ದವರಿಗೆ ಕಲಿಸಬೇಕು ಎಂಬ ನಂಬಿಕೆ ಆ ಕಾಲದಲ್ಲಿ ಹೊರದೇಶಗಳಲ್ಲೂ ಬಲವಾಗಿತ್ತು. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯ 1943ರಲ್ಲೇ ಅಧಿಕಾರಿಗಳಿಗೆಂದು ಎಕ್ಸಿಕ್ಯುಟಿವ್ ಎಂಬಿಎ ತೆರೆದಿತ್ತು. ಅದಕ್ಕೆ ವಿರುದ್ಧವಾದ ನಿಲುವು ಹಾರ್ವರ್ಡಿನದು. ಎರಡು ವರ್ಷ ಕ್ಯಾಂಪಸ್ಸಿನಲ್ಲೇ ಇದ್ದು ಓದುವವರಿಗಷ್ಟೇ ಅಲ್ಲಿ ಎಂಬಿಎ ಸಿಗುತ್ತದೆ, ಅರೆಕಾಲಿಕ ಎಂಬಿಎ ಇಲ್ಲ. ಷಿಕಾಗೊ ಇಂದಿಗೂ ಜಗತ್ತಿನ ಮುಂಚೂಣಿಯ ಬಿಸಿನೆಸ್ ಶಾಲೆಗಳಲ್ಲಿ ಒಂದಾಗಿ ಉಳಿದಿದೆ. ಅರೆಕಾಲಿಕ ಕೋರ್ಸು ಇದ್ದ ಮಾತ್ರಕ್ಕೆ ಹೆಸರು ಕೆಡುತ್ತದೆ ಎನ್ನುವವರು ಈ ಶಾಲೆಗೆ ಉತ್ತರ ಹೇಳಬೇಕಾಗುತ್ತದೆ.

ಎಫ್‌ಎಂಎಸ್‌ನಲ್ಲಿ ಹಗಲು ಮತ್ತು ಸಂಜೆಯ ಸಂಬಂಧ ಹೇಗೆ ಬೆಳೆಯಿತು ಎಂಬುದು ಈ ವಿಷಯದ ತಿರುಳು. ಹಗಲಿನ ಎಂಬಿಎಗೆ ಬರುವವರಲ್ಲಿ ಬಹುಪಾಲು ಹೊಸದಾಗಿ ಪದವಿ ಮುಗಿಸಿದವರು ಅಥವಾ ಒಂದೆರಡು ವರ್ಷದ ಅನುಭವವುಳ್ಳವರು. ಅವರ ಆಯ್ಕೆ ಕ್ಯಾಟ್ ಪ್ರವೇಶ ಪರೀಕ್ಷೆಯ ಅಂಕದಿಂದ. ಸಂಜೆಯ ಎಕ್ಸಿಕ್ಯುಟಿವ್ ಎಂಬಿಎಗೆ ಕೆಲವು ವರ್ಷಗಳ ಉದ್ಯೋಗಾನುಭವ ಕಡ್ಡಾಯ, ಆಯ್ಕೆಯ ಮಾನದಂಡವೂ ಬೇರೆ. ಕ್ಯಾಂಪಸ್ ಸಂದರ್ಶನದ ಋತುವಿನಲ್ಲಿ ಕಂಪನಿಗಳು ಬರುವುದು ಹಗಲಿನವರನ್ನು ಕರೆದೊಯ್ಯಲು. ಸಂಜೆಯವರಿಗೆ ಆಗಲೇ ಕೆಲಸವಿರುತ್ತದೆ, ಆದ್ದರಿಂದ ಪ್ಲೇಸ್‌ಮೆಂಟಿನಲ್ಲಿ ಎರಡೂ ತಂಡಗಳ ನಡುವೆ ಪೈಪೋಟಿ ಕಡಿಮೆ. ಇನ್ನು ಶುಲ್ಕ. 2010ರ ದಶಕದಲ್ಲಿ ಎಫ್‌ಎಂಎಸ್‌ನ ಪೂರ್ಣಾವಧಿ ಎಂಬಿಎಗೆ ಎರಡು ವರ್ಷಕ್ಕೆ ಸೇರಿ ಸುಮಾರು 20 ಸಾವಿರ ರೂಪಾಯಿ. ಐಐಎಂಗಳಲ್ಲಿ ಅದೇ ಹೊತ್ತಿಗೆ ಲಕ್ಷಗಳ ಲೆಕ್ಕ. ಬಡ ಮನೆಯ ಮಕ್ಕಳು ಸಾಲದ ಹೊರೆಯಿಲ್ಲದೆ ಒಳ್ಳೆಯ ಎಂಬಿಎ ಮಾಡಬಲ್ಲ ಜಾಗವೆಂದು ಎಫ್‌ಎಂಎಸ್ ಗಳಿಸಿದ ಹೆಸರು ಈ ಶುಲ್ಕದಿಂದ ಬಂದದ್ದು. ಸಂಜೆಯವರ ಶುಲ್ಕ ಇದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ದುಡಿಯುವವರು ಹೆಚ್ಚು ಕೊಟ್ಟು, ದುಡಿಯದವರಿಗೆ ಕಡಿಮೆ ದರದಲ್ಲಿ ಓದು ಸಿಗುವ ಈ ಕ್ರಮ ನ್ಯಾಯವಾದದ್ದು. ಅರೆಕಾಲಿಕ ಕೋರ್ಸಿನ ಬಗ್ಗೆ ದೂರುವವರು ಈ ಬದಿಯನ್ನು ಹೆಚ್ಚಾಗಿ ಮರೆಯುತ್ತಾರೆ.

ನಷ್ಟದ ಬದಿ ಇಲ್ಲವೆಂದಲ್ಲ. ಅದು ಮುಖ್ಯವಾಗಿ ಅಧ್ಯಾಪಕರ ಸಮಯದಲ್ಲಿ ಕಾಣಿಸುತ್ತದೆ. ಬೆಳಗ್ಗೆ ಎರಡು ತರಗತಿ ತೆಗೆದುಕೊಂಡ ಪ್ರಾಧ್ಯಾಪಕ ಸಂಜೆ ಏಳಕ್ಕೆ ಮತ್ತೆ ಪಾಠಕ್ಕೆ ನಿಲ್ಲಬೇಕಾದರೆ ಮಧ್ಯಾಹ್ನದ ಹೊತ್ತು ಹಗಲಿನ ವಿದ್ಯಾರ್ಥಿಗೆ ಸಿಗುವುದಿಲ್ಲ. ಪ್ರಾಜೆಕ್ಟ್ ವರದಿ ತಿದ್ದಿಸಿಕೊಳ್ಳಲು, ಬೇಸಿಗೆ ಇಂಟರ್ನ್‌ಶಿಪ್ಪಿನ ಸಲಹೆ ಕೇಳಲು ಹೋದವನಿಗೆ ಬೀಗ ಹಾಕಿದ ಕೊಠಡಿ ಎದುರಾಗುತ್ತದೆ. ಇದನ್ನು ತಪ್ಪಿಸಲು ಶಾಲೆಗಳು ಸಂಜೆಗೆ ಅತಿಥಿ ಉಪನ್ಯಾಸಕರನ್ನು ತರುತ್ತವೆ. ಬಂದವರು ಕಂಪನಿಗಳಲ್ಲಿ ಅನುಭವ ಪಡೆದ ಅಧಿಕಾರಿಗಳಾದರೆ ಲಾಭವೇ. ಗಂಟೆ ಲೆಕ್ಕದ ಸಂಬಳಕ್ಕೆ ಸಿಕ್ಕಸಿಕ್ಕವರನ್ನು ಕರೆದರೆ ಸಂಜೆಯವರ ಪಾಠ ತೆಳುವಾಗುತ್ತದೆ. ಆ ತೆಳುವಾದ ಪಾಠ ಕಲಿತವರು ಅದೇ ಶಾಲೆಯ ಹೆಸರು ಹೊತ್ತು ಮಾರುಕಟ್ಟೆಗೆ ಬಂದಾಗ ಹಗಲಿನವರ ಪದವಿಯ ಬೆಲೆಯೂ ಇಳಿಯುತ್ತದೆ. ಸಂದರ್ಶನದ ಕೊಠಡಿಯಲ್ಲಿ ಕಂಪನಿಯವರು ಅಭ್ಯರ್ಥಿಯ ಬಯೋಡೇಟಾ ನೋಡಿ ‘ಇದು ರೆಗ್ಯುಲರ್ ಕೋರ್ಸೋ, ಪಾರ್ಟ್‌ಟೈಮೋ?’ ಎಂದು ಕೇಳುವ ಒಂದು ಪ್ರಶ್ನೆಯ ಹಿಂದೆ ಇಷ್ಟೆಲ್ಲ ಇದೆ. ದೆಹಲಿ, ನೊಯ್ಡಾ, ಗುರುಗ್ರಾಮದಲ್ಲಿ ಕೆಲಸ ಹುಡುಕಿದ ಯಾವ ಎಂಬಿಎ ಪದವೀಧರನಿಗೂ ಈ ಪ್ರಶ್ನೆ ಹೊಸದಲ್ಲ.

ಸಂಜೆಯವರಿಂದ ಹಗಲಿನವರಿಗೆ ಆಗುವ ಉಪಕಾರವೊಂದು ಲೆಕ್ಕಪುಸ್ತಕದಲ್ಲಿ ಸಿಗದಂಥದ್ದು. ಸಾರ್ವಜನಿಕ ಉದ್ದಿಮೆಯಲ್ಲಿ ಹತ್ತು ವರ್ಷ ಖರೀದಿ ವಿಭಾಗ ನೋಡಿಕೊಂಡವರೊಬ್ಬರು ತರಗತಿಯಲ್ಲಿ ಟೆಂಡರಿನ ಒಳಸುಳಿ ಬಿಡಿಸಿ ಹೇಳಿದರೆ ಇಪ್ಪತ್ತೆರಡರ ಹುಡುಗನಿಗೆ ಅದು ಪಠ್ಯಪುಸ್ತಕ ಕೊಡದ ತಿಳಿವಳಿಕೆ. ಇವತ್ತು ಸಂಜೆ ಬೆಂಚಿನಲ್ಲಿ ಕೂತವರು ನಾಳೆ ತಮ್ಮ ಕಂಪನಿಯ ಪರವಾಗಿ ನೇಮಕಾತಿಗೆ ಬರುವವರೂ ಆಗಬಹುದು. ಇದು ದಕ್ಕಬೇಕಾದರೆ ಎರಡೂ ತಂಡ ಎಲ್ಲಾದರೂ ಒಟ್ಟಿಗೆ ಕೂರಬೇಕು. ಬೇರೆ ಹೊತ್ತು, ಬೇರೆ ಕ್ಯಾಂಪಸ್ಸು ಎಂದು ಪೂರ್ತಿ ಬೇರ್ಪಡಿಸಿದ ಕಡೆ ಈ ಲಾಭ ಹುಟ್ಟುವುದೇ ಇಲ್ಲ.

ಸಂಜೆಯ ತರಗತಿಗೂ ಬರಲಾಗದ ದುಡಿಯುವವರಿಗೆ ಇನ್ನೊಂದು ದಾರಿ ತೆರೆಯಿತು. 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ದೆಹಲಿಯಲ್ಲಿ ಸ್ಥಾಪನೆಯಾಯಿತು. 1987ರಲ್ಲಿ ಅದು ಶುರುಮಾಡಿದ ಮೊದಲ ಎರಡು ಕೋರ್ಸುಗಳಲ್ಲಿ ಒಂದು ಮ್ಯಾನೇಜ್‌ಮೆಂಟ್ ಡಿಪ್ಲೊಮಾ. ಆ ಎರಡಕ್ಕೂ ಸೇರಿ 4,528 ವಿದ್ಯಾರ್ಥಿಗಳು ದಾಖಲಾಗಿದ್ದರು. ದುಡಿಯುವವರು ನಿರ್ವಹಣೆ ಕಲಿಯಲು ಎಷ್ಟು ಹಸಿದಿದ್ದರು ಎಂಬುದಕ್ಕೆ ಇದು ಸಾಕ್ಷಿ. ಜನಕಪುರಿಗೆ ಹತ್ತಿರದಲ್ಲೇ ಇರುವ ತಿಹಾರ್ ಜೈಲಿನಲ್ಲೂ 1990ರ ದಶಕದಲ್ಲಿ ಇಗ್ನೋ ಅಧ್ಯಯನ ಕೇಂದ್ರ ತೆರೆಯಿತು. ಜೈಲಿನೊಳಗೆ ಕೂತು ಪರೀಕ್ಷೆ ಬರೆದವನ ಪದವಿಗೂ ಹೊರಗಿನವನ ಪದವಿಗೂ ಪರೀಕ್ಷೆ ಒಂದೇ.

ಜನಕಪುರಿಯ ಕಥೆ ಈ ಹಿನ್ನೆಲೆಯಲ್ಲಿ ಬರುತ್ತದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1970ರ ದಶಕದಲ್ಲಿ ಬೆಳೆಸಿದ ಬಡಾವಣೆ ಇದು. ವಿಭಜನೆಯ ನಿರಾಶ್ರಿತರು ನೆಲೆಸಿದ ತಿಲಕ್ ನಗರ, ರಾಜೌರಿ ಗಾರ್ಡನ್‌ಗಳ ಮುಂದಿನ ಮಗ್ಗುಲು. ಪಂಜಾಬಿ ವ್ಯಾಪಾರಿ ಕುಟುಂಬಗಳ ಜೊತೆಗೆ ಕೇಂದ್ರ ಸರ್ಕಾರ, ಬ್ಯಾಂಕು, ಸಾರ್ವಜನಿಕ ಉದ್ದಿಮೆಗಳ ನೌಕರರು, ಅವರಲ್ಲಿ ಕನ್ನಡಿಗರೂ ಸೇರಿದಂತೆ ದಕ್ಷಿಣದವರು, ಇಲ್ಲಿ ಮನೆ ಮಾಡಿದರು. ಓದಿದ ಮನೆಗಳು, ಸಂಬಳದ ಮನೆಗಳು. ಮಕ್ಕಳಿಗೆ ವೃತ್ತಿಪರ ಪದವಿ ಬೇಕು ಎಂಬ ಆಸೆ ಇಲ್ಲಿ ಬಲವಾಗಿತ್ತು, ಆದರೆ ದೆಹಲಿ ವಿಶ್ವವಿದ್ಯಾಲಯದ ಉತ್ತರ ಕ್ಯಾಂಪಸ್ಸು ಊರಿನ ಇನ್ನೊಂದು ಮೂಲೆಯಲ್ಲಿತ್ತು, ಸೀಟುಗಳೂ ಕಡಿಮೆ. 1998ರಲ್ಲಿ ದೆಹಲಿ ವಿಧಾನಸಭೆಯ ಕಾಯ್ದೆಯಿಂದ ಇಂದ್ರಪ್ರಸ್ಥ ವಿಶ್ವವಿದ್ಯಾಲಯ ಹುಟ್ಟಿ, ಖಾಸಗಿ ಕಾಲೇಜುಗಳಿಗೆ ಸಂಯೋಜನೆ ಕೊಡಲು ತೊಡಗಿದಾಗ ಈ ಆಸೆಗೆ ದಾರಿ ಸಿಕ್ಕಿತು. ವಿಶ್ವವಿದ್ಯಾಲಯ ಹುಟ್ಟಿದ ಹೊಸತರಲ್ಲೇ ಜನಕಪುರಿಯಲ್ಲಿ ಬಿಬಿಎ, ಬಿಸಿಎ ಕಾಲೇಜುಗಳು ತಲೆಯೆತ್ತಿದವು. ನಿವೇಶನ ಚಿಕ್ಕದು, ಬೇಡಿಕೆ ದೊಡ್ಡದು. ಎರಡನೇ ಪಾಳಿ ಬಂದದ್ದು ಆ ಇಕ್ಕಟ್ಟಿನಿಂದ.

ಹೀಗೆ ನೋಡಿದರೆ ಜನಕಪುರಿಯ ಎರಡನೇ ಪಾಳಿಗೂ 1958ರ ಸಂಜೆ ಕಾಲೇಜಿಗೂ ಹೆಸರಿನ ಹೋಲಿಕೆಯಷ್ಟೇ ಇದೆ. ಅಲ್ಲಿ ವಿದ್ಯಾರ್ಥಿಯ ಹೊಟ್ಟೆಪಾಡು ಪಾಠದ ಹೊತ್ತನ್ನು ನಿರ್ಧರಿಸಿತ್ತು. ಇಲ್ಲಿ ಕಟ್ಟಡದ ಅಳತೆ ನಿರ್ಧರಿಸಿತು. ಎರಡನೇ ಪಾಳಿಯ ಹುಡುಗಿಗೆ ಬೆಳಗ್ಗೆ ಹೋಗಲು ಕೆಲಸವಿಲ್ಲ. ಅವಳೂ ಹನ್ನೆರಡನೇ ತರಗತಿ ಮುಗಿಸಿ ಅದೇ ಪ್ರವೇಶ ಪರೀಕ್ಷೆ ಬರೆದು ಬಂದವಳು. ಅರೆಕಾಲಿಕ ಓದಿನ ನಿಜವಾದ ಅನುಕೂಲ ಅವಳಿಗೆ ಸಿಗಲಿಲ್ಲ, ಅದರ ಕೀಳು ಹೆಸರು ಮಾತ್ರ ಅವಳ ಪಾಲಿಗೆ ಬಂತು. ಇದು ಅನ್ಯಾಯ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೌಲ್ಯಮಾಪನ ಇರುವ ವಿಶ್ವವಿದ್ಯಾಲಯ ಪರೀಕ್ಷೆಯೇ ಈ ಅನ್ಯಾಯಕ್ಕೆ ದೊಡ್ಡ ತಡೆ. ಅಂಕಪಟ್ಟಿ ಮುಂದಿಟ್ಟು ಮಾತಾಡುವ ಹಕ್ಕು ಅವಳಿಗೆ ಉಳಿಯುವುದು ಅದರಿಂದ.

ಬೆಂಗಳೂರು ಇದೇ ಹೊತ್ತಿಗೆ ಬೇರೊಂದು ಉತ್ತರ ಕಂಡುಕೊಂಡಿತ್ತು. ಬನ್ನೇರುಘಟ್ಟ ರಸ್ತೆಯ ಐಐಎಂ 1998ರಲ್ಲಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆಂದು ಪಿಜಿಎಸ್‌ಇಎಂ ಎಂಬ ಅರೆಕಾಲಿಕ ಕೋರ್ಸು ತೆರೆಯಿತು. ವಾರದ ಕೊನೆಯ ದಿನಗಳಲ್ಲಿ ಪಾಠ. ಕೋರ್ಸಿನ ಹೆಸರಿನಲ್ಲೇ ಸಾಫ್ಟ್‌ವೇರ್ ಉದ್ದಿಮೆಯ ನಿರ್ವಹಣೆ ಎಂಬ ಗುರುತು ಇತ್ತು. ಐಐಎಂನ ಪ್ರಧಾನ ಕೋರ್ಸಾದ ಪಿಜಿಪಿ ಬೇರೆ, ಇದು ಬೇರೆ ಎಂಬುದು ನೇಮಕಾತಿಗೆ ಬಂದ ಯಾರಿಗಾದರೂ ಮೊದಲ ನೋಟಕ್ಕೇ ತಿಳಿಯುತ್ತಿತ್ತು. ಮುಂದೆ ಬೇರೆ ಉದ್ದಿಮೆಗಳವರಿಗೂ ಬಾಗಿಲು ತೆರೆದು ಅದು ಪಿಜಿಪಿಇಎಂ ಆಯಿತು. ಒಂದೇ ಪದವಿಗೆ ಎರಡು ಬಾಗಿಲು ಇಟ್ಟಾಗ ಹುಟ್ಟುವ ಅನುಮಾನ ಇಲ್ಲಿ ಹುಟ್ಟಲು ಆಸ್ಪದವಿರಲಿಲ್ಲ. ಅರೆಕಾಲಿಕ ಕೋರ್ಸಿನಿಂದ ಬೆಂಗಳೂರು ಐಐಎಂನ ಮನ್ನಣೆ ತಗ್ಗಿತೆಂದು ಹೇಳಲು ಯಾವ ಕಾರಣವೂ ಕಾಣುವುದಿಲ್ಲ.

ಅದೇ ಕರ್ನಾಟಕದಲ್ಲಿ ಇದಕ್ಕೆ ತದ್ವಿರುದ್ಧವಾದ ನೋವಿನ ಉದಾಹರಣೆಯೂ ಇದೆ. 1996ರಲ್ಲಿ ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ರಾಜ್ಯದ ಶಿಕ್ಷಕರು, ಪೊಲೀಸರು, ಗೃಹಿಣಿಯರು, ಹಳ್ಳಿಯ ನೌಕರರಿಗೆ ಪದವಿಯ ದಾರಿ ತೋರಿದ ಸಂಸ್ಥೆ. ಕಾಲಕ್ರಮೇಣ ಅದು ರಾಜ್ಯದ ಹೊರಗಿನ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ತಾಂತ್ರಿಕ, ವೃತ್ತಿಪರ ಕೋರ್ಸುಗಳನ್ನು ದೇಶದ ಉದ್ದಗಲಕ್ಕೂ ನಡೆಸಲು ಬಿಟ್ಟಿತು. 2015ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, 2013-14ರಿಂದಾಚೆಗೆ ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ದೂರದ ಊರುಗಳಲ್ಲಿ ನಡೆದ ವ್ಯವಹಾರದ ದಂಡವನ್ನು ಮೈಸೂರು, ಮಂಡ್ಯ, ಹಾಸನಗಳಲ್ಲಿ ಪ್ರಾಮಾಣಿಕವಾಗಿ ಓದಿ ಪರೀಕ್ಷೆ ಬರೆದ ಸಾವಿರಾರು ಮಂದಿ ತೆತ್ತರು. ಬಡ್ತಿ, ನೇಮಕಾತಿ ನಿಂತುಹೋದವು. ಮಾನ್ಯತೆ ಮತ್ತೆ ಸಿಕ್ಕಿದ್ದು 2018ರಲ್ಲಿ. ಒಂದು ಕೋರ್ಸಿನ ಸಡಿಲಿಕೆ ಇನ್ನೊಂದು ಕೋರ್ಸಿನವರ ಬದುಕನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಕನ್ನಡನಾಡಿನಲ್ಲಿ ಇನ್ನೊಂದಿಲ್ಲ. ಇಲ್ಲಿ ತಪ್ಪು ದೂರಶಿಕ್ಷಣದ್ದಾಗಿರಲಿಲ್ಲ. ಯಾರು ಕಲಿಸುತ್ತಾರೆ, ಯಾರು ಪರೀಕ್ಷಿಸುತ್ತಾರೆ ಎಂಬುದರ ಮೇಲಿನ ಹಿಡಿತ ಕೈಬಿಟ್ಟದ್ದು ತಪ್ಪು.

ಶಾಲೆಯ ಹೆಸರನ್ನು ಅಂಕಿಯಲ್ಲಿ ಅಳೆಯುವ ಕಾಲ 2016ರಲ್ಲಿ ಬಂತು. ಆ ವರ್ಷ ಕೇಂದ್ರ ಸರ್ಕಾರ ಎನ್‌ಐಆರ್‌ಎಫ್ ಶ್ರೇಯಾಂಕಗಳನ್ನು ಮೊದಲ ಸಲ ಪ್ರಕಟಿಸಿತು. ಮ್ಯಾನೇಜ್‌ಮೆಂಟ್ ಶಾಲೆಗಳ ಪಟ್ಟಿಗೆ ಪದವೀಧರರ ಮಧ್ಯಮ ಸಂಬಳವನ್ನೂ ಉದ್ಯೋಗ ಪಡೆದವರ ಸಂಖ್ಯೆಯನ್ನೂ ಕೇಳುತ್ತಾರೆ. ಅದರ ಜೊತೆಗೆ ಅಧಿಕಾರಿಗಳಿಗಾಗಿ ನಡೆಸುವ ತರಬೇತಿಯಿಂದ ಶಾಲೆಗೆ ಬರುವ ಆದಾಯಕ್ಕೂ ಅಂಕವಿದೆ. ದುಡಿಯುವವರಿಗೆ ಕಲಿಸುವುದು ಶಾಲೆಯ ಗೌರವದ ಭಾಗವೆಂದು ಸರ್ಕಾರದ ಅಳತೆಗೋಲೇ ಒಪ್ಪಿದಂತಾಯಿತು. ಅದರಿಂದ ಅಧ್ಯಾಪಕರನ್ನು ಹಣ ತರುವ ತರಗತಿಗಳ ಕಡೆ ಎಳೆಯುವ ಆಮಿಷ ಹುಟ್ಟಿದ್ದೂ ನಿಜ.

ಈ ನಡುವೆ ದೂರದ ಲೆಕ್ಕವೇ ಬದಲಾಯಿತು. 2005ರ ಕೊನೆಗೆ ಮೆಟ್ರೊದ ನೀಲಿ ಮಾರ್ಗ ಜನಕಪುರಿಯನ್ನು ಕನಾಟ್ ಪ್ಲೇಸಿಗೂ ದ್ವಾರಕೆಗೂ ಜೋಡಿಸಿತು. 2018ರ ಮೇ ತಿಂಗಳಲ್ಲಿ ಮೆಜೆಂಟಾ ಮಾರ್ಗ ಬಂದು ಜನಕಪುರಿ ಪಶ್ಚಿಮ ನಿಲ್ದಾಣದಿಂದ ಐಐಟಿ ದೆಹಲಿಗೆ, ನೊಯ್ಡಾಗೆ ನೇರ ರೈಲಾಯಿತು. ಕಚೇರಿ ಮುಗಿಸಿ ಸಂಜೆ ತರಗತಿಗೆ ಹೋಗುವವರಿಗೆ, ಅದರಲ್ಲೂ ರಾತ್ರಿ ಮರಳುವ ಹೆಣ್ಣುಮಕ್ಕಳಿಗೆ, ಇದರಿಂದ ಆದ ಅನುಕೂಲ ದೊಡ್ಡದು. ಅಷ್ಟರಲ್ಲಿ ಕೊರೊನಾ ಬಂದು ತರಗತಿಯೇ ಮನೆಯೊಳಗೆ ಹೊಕ್ಕಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಾವಳಿ ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳನ್ನು ಕ್ಯಾಂಪಸ್ ಪದವಿಗೆ ಸಮಾನವೆಂದು ಸಾರಿತು. 2022ರಲ್ಲಿ ಆಯೋಗ ಅದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು.

2024-25ರ ಶೈಕ್ಷಣಿಕ ವರ್ಷದಿಂದ ಬಿಬಿಎ ಮತ್ತು ಬಿಸಿಎ ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದಿವೆ. ಅಲ್ಲಿಯವರೆಗೆ ಜನಕಪುರಿಯಂಥ ಕಡೆಯ ಪದವಿ ಕಾಲೇಜುಗಳಲ್ಲಿ ಈ ಎರಡು ಕೋರ್ಸುಗಳ ಮೇಲ್ವಿಚಾರಣೆ ಮುಖ್ಯವಾಗಿ ಸಂಯೋಜನೆ ಕೊಟ್ಟ ವಿಶ್ವವಿದ್ಯಾಲಯದ ಕೈಯಲ್ಲಿತ್ತು. ಈಗ ಸೀಟಿನ ಸಂಖ್ಯೆಗೂ ಅಧ್ಯಾಪಕರ ಪ್ರಮಾಣಕ್ಕೂ ಎರಡನೇ ಪಾಳಿಯವರು ಬೆಳಗಿನವರ ಸಮಕ್ಕೆ ಪರಿಷತ್ತಿನ ಮುಂದೆ ಲೆಕ್ಕ ಕೇಳಬಹುದು.